ಫೋಂಡಾದ ಹಿತ್ತಲಲ್ಲಿ ಮೊಟ್ಟೆ ತಿನ್ನುತ್ತಿದ್ದ ಕೋಳಿಗಳು: ಒಂದು ಪ್ರಕರಣ

ಗೋವಾದ ಫೋಂಡಾ ಹತ್ತಿರ ಒಂದು ಬಾಡಿಗೆ ಮನೆ. ಗದಗ ಜಿಲ್ಲೆಯ ರೋಣದ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಯಜಮಾನರದು ಸೆಂಟ್ರಿಂಗ್ ಕೆಲಸ. ಹೆಂಡತಿ ಬೆಳಿಗ್ಗೆ ಎಂಟಕ್ಕೆಲ್ಲ ಗೇರುಬೀಜದ ಕಾರ್ಖಾನೆಗೆ ಹೊರಡುತ್ತಾರೆ, ಬರುವುದು ಸಂಜೆ. ಮನೆಯಲ್ಲಿ ಅತ್ತೆ, ಏಳನೇ ಕ್ಲಾಸಿನ ಹುಡುಗ. ಹಿತ್ತಲಲ್ಲಿ ಒಂದು ಹುಂಜ, ಹನ್ನೆರಡು ಹೇಂಟೆ. ಅದರಲ್ಲಿ ಒಂಬತ್ತು ಗ್ರಾಮಪ್ರಿಯ, ಮೂರು ಜವಾರಿ.

ಗ್ರಾಮಪ್ರಿಯ ಹಿತ್ತಲಲ್ಲಿ ಸಾಕುವುದಕ್ಕೆಂದೇ ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿದ ತಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 200ರ ಆಸುಪಾಸು ಮೊಟ್ಟೆ ಕೊಡುತ್ತದೆ. ಜವಾರಿ ಕೋಳಿ ಅಷ್ಟು ಇಡುವುದಿಲ್ಲ. ಹದಿನೈದರಷ್ಟು ಇಟ್ಟು ಕಾವಿಗೆ ಕೂತುಬಿಡುತ್ತದೆ. ಈ ವ್ಯತ್ಯಾಸ ಯಾಕೆ ಹೇಳುತ್ತಿದ್ದೇನೆ ಅಂದರೆ, ತೊಂದರೆಯ ಬೇರು ಅರ್ಧ ಇಲ್ಲೇ ಇತ್ತು.

ಮಾರ್ಚ್‌ವರೆಗೆ ದಿನಕ್ಕೆ ಆರೇಳು ಮೊಟ್ಟೆ ಸಿಗುತ್ತಿದ್ದವು. ಏಪ್ರಿಲ್ ಕೊನೆಗೆ ಎರಡಕ್ಕೆ ಇಳಿಯಿತು. ಕೆಲವು ದಿನ ಒಂದೂ ಇಲ್ಲ. ನಾನು ಈ ಕಡೆ ಬಹಳ ವರ್ಷದಿಂದ ಕೋಳಿ ಸಾಕಿಕೊಂಡಿರುವವನು. ನಮ್ಮ ಜನ ಕೋಳಿಗೆ ಏನಾದರೂ ಆದರೆ ಫೋನ್ ಮಾಡುತ್ತಾರೆ. ಆ ಮನೆಯ ಅಜ್ಜಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ತಮ್ಮಾ, ಕೋಳಿಗೆ ಕೆಟ್ಟ ಚಟ ಬಿದ್ದೈತಿ. ತಮ್ಮ ತತ್ತಿ ತಾವ ತಿನ್ನಾಕ ಹತ್ಯಾವ. ಒಂದನ್ನ ಕೊಯ್ದ್ವಿ, ಆದ್ರೂ ನಿಂತಿಲ್ಲ."

ಹೋಗಿ ನೋಡಿದಾಗ ಹನ್ನೊಂದು ಹೇಂಟೆ ಉಳಿದಿದ್ದವು. ಕೊಯ್ದದ್ದು ಯಾವುದು, ಯಾಕೆ ಅಂತ ಕೇಳಿದೆ. ಗೂಡಿನ ಹತ್ತಿರವೇ ನಿಂತು ಜಾಸ್ತಿ ಕೂಗುತ್ತಿದ್ದದ್ದು ಅದೇ ಅಂತೆ. ಅನುಮಾನ ಅದರ ಮೇಲೆ ಬಿತ್ತು. ಕೊಯ್ದು ಹೊಟ್ಟೆ ಬಗೆದಾಗ ಒಳಗೆ ಗಟ್ಟಿ ಚಿಪ್ಪು ಕಟ್ಟಿದ ಒಂದು ಪೂರ್ತಿ ಮೊಟ್ಟೆ. ಅದರ ಹಿಂದೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಾ ಹೋದ ಹಳದಿ ಗುಂಡುಗಳ ಗೊಂಚಲು. ಅಜ್ಜಿ ಅದನ್ನು ಹೇಳುವಾಗ ಕೈಯಲ್ಲೇ ಅಳತೆ ತೋರಿಸಿದರು: ಲಿಂಬೆಯಷ್ಟು, ಗೋಲಿಯಷ್ಟು, ಸಾಸಿವೆಯಷ್ಟು. "ದಿನಾ ಇಡೋ ಕೋಳಿನ ಕೊಯ್ದ್ವಿ ನೋಡು" ಅಂತ ಮರುಗಿದರು. ಮೊಟ್ಟೆ ಇಟ್ಟ ಮೇಲೆ ಕೂಗುವುದು ಕೋಳಿಯ ಸಹಜ ಗುಣ. ಕೂಗುವುದು ಕಳ್ಳತನಕ್ಕೆ ಸಾಕ್ಷಿ ಅಲ್ಲ. ಮರುದಿನವೂ ಗೂಡಲ್ಲಿ ಮೊಟ್ಟೆ ಒಡೆದೇ ಇತ್ತು.

ಮೊಟ್ಟೆ ಮಾಯವಾದರೆ ಮೊದಲು ಕೋಳಿಯೇ ತಿಂದಿತು ಅನ್ನುವುದಕ್ಕೆ ಗುರುತು ಬೇಕು. ನಾಗರಹಾವು, ಉಡ ಬಂದರೆ ಮೊಟ್ಟೆ ಇಡಿಯಾಗಿ ಹೋಗುತ್ತದೆ. ಗೂಡು ಒಣಗಿಯೇ ಇರುತ್ತದೆ. ಹೆಗ್ಗಣ ಉರುಳಿಸಿಕೊಂಡು ಹೋಗುತ್ತದೆ, ಬಿಲದ ಬಾಯಲ್ಲಿ ಚಿಪ್ಪು ಸಿಗುತ್ತದೆ. ಕಾಗೆ ಹಗಲಲ್ಲಿ ಎತ್ತಿಕೊಂಡು ಹೋಗಿ ಬೇರೆ ಕಡೆ ಕುಕ್ಕುತ್ತದೆ. ಇಲ್ಲಿ ಹಾಗೆ ಇರಲಿಲ್ಲ. ಗೂಡಿನ ಹುಲ್ಲು ಲೋಳೆಯಿಂದ ಅಂಟಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಕೆಂಪಿರುವೆ ಸಾಲು ಹಚ್ಚಿತ್ತು. ಚಿಪ್ಪಿನ ಚೂರು ಮಾತ್ರ ಹುಡುಕಿದರೂ ಇಲ್ಲ. ಚಿಪ್ಪನ್ನೂ ಬಿಡದೆ ತಿಂದಿದ್ದವು. ಇದು ನನಗೆ ದೊಡ್ಡ ಸುಳಿವು. ಬರೀ ಲೋಳೆಯ ರುಚಿಗೆ ತಿನ್ನುವ ಕೋಳಿ ಚಿಪ್ಪಿನ ಚೂರು ಬಿಡುವುದುಂಟು. ಚಿಪ್ಪನ್ನು ಹುಡುಕಿ ಹುಡುಕಿ ತಿನ್ನುವ ಕೋಳಿಗೆ ಮೈಯಲ್ಲಿ ಸುಣ್ಣದ ಅಂಶ ಸಾಲುತ್ತಿಲ್ಲ ಅಂತ ಅನುಮಾನ ಪಡಬೇಕು.

ಸಿಕ್ಕ ಒಂದು ಮೊಟ್ಟೆಯನ್ನು ಕೈಗೆ ತಗೊಂಡೆ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಚಿಪ್ಪು ಒಳಗೆ ಬಗ್ಗಿತು. ಬಟ್ಟಲಿನ ಅಂಚಿಗೆ ಬಡಿದಾಗ ಟಕ್ ಅನ್ನಬೇಕಾಗಿದ್ದು ಸುಮ್ನೆ ಸುಕ್ಕಾಗಿ ಕುಸಿಯಿತು. ಒಳ್ಳೆ ಮೊಟ್ಟೆಯ ಚಿಪ್ಪು 0.35 ಮಿಲಿಮೀಟರ್ ಹತ್ತಿರ ದಪ್ಪ ಇರುತ್ತದೆ. ಅಳೆಯುವುದಕ್ಕೆ ಯಂತ್ರ ಬೇಕಿಲ್ಲ, ಒಡೆಯುವ ಸದ್ದೇ ಹೇಳುತ್ತದೆ.

ಇಲ್ಲಿಗೆ ಪ್ರಶ್ನೆ ಬದಲಾಯಿತು. ಕಳ್ಳ ಕೋಳಿ ಯಾವುದು ಅಂತ ಹುಡುಕುವ ಮೊದಲು, ಮೊಟ್ಟೆ ಯಾಕೆ ಒಡೆಯುತ್ತಿದೆ ಅಂತ ಹುಡುಕಬೇಕು. ಸಾಮಾನ್ಯವಾಗಿ ಯಾವ ಕೋಳಿಯೂ ಗಟ್ಟಿ ಮೊಟ್ಟೆಯನ್ನು ಕಂಡ ಕೂಡಲೇ ಇದು ತಿನ್ನುವ ವಸ್ತು ಅಂದುಕೊಳ್ಳುವುದಿಲ್ಲ. ಮೊದಲು ಒಂದು ಮೊಟ್ಟೆ ತಾನಾಗಿ ಒಡೆಯುತ್ತದೆ. ಲೋಳೆ ಕಾಣುತ್ತದೆ, ಕುಕ್ಕುತ್ತದೆ, ರುಚಿ ಸಿಗುತ್ತದೆ. ಆಮೇಲೆ ತಾನೇ ಒಡೆಯುವುದು ಕಲಿಯುತ್ತದೆ. ಒಂದು ಕಲಿತದ್ದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಒಡೆಯುವ ಕಾರಣ ಹಾಗೇ ಇದ್ದರೆ ಎಷ್ಟು ಕೋಳಿ ಕೊಯ್ದರೂ ಹೊಸ ಕಳ್ಳ ಹುಟ್ಟುತ್ತಲೇ ಇರುತ್ತದೆ. ಈ ಮನೆಯಲ್ಲಿ ಆದದ್ದು ಇದೇ.

ಕಾಳಿನ ಚೀಲ ತೋರಿಸಿ ಅಂದೆ. ಅಂಗಡಿಯಲ್ಲಿ ಬಿಡಿಯಾಗಿ ತಂದ ಬ್ರಾಯ್ಲರ್ ಫಿನಿಶರ್ ಫೀಡ್. ಜೊತೆಗೆ ಅಕ್ಕಿ ನುಚ್ಚು, ಉಳಿದ ಅನ್ನ, ಮೀನು ಹೆಚ್ಚಿದ ಕಸ. ಕೋಳಿಗಳು ನೋಡಲು ದುಂಡಗೆ ಇದ್ದವು. "ಮೈ ತುಂಬ್ಕೊಂಡಾವಲ್ರೀ" ಅಂದರು ಸೊಸೆ. ಮೈ ತುಂಬಿದೆ ನಿಜ. ಆದರೆ ಫಿನಿಶರ್ ಮಾಂಸದ ಕೋಳಿಯ ಆಹಾರ. ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 1ರ ಹತ್ತಿರ. ಮೊಟ್ಟೆ ಕೋಳಿಯ ಲೇಯರ್ ಫೀಡ್‌ನಲ್ಲಿ ಶೇಕಡಾ 3.5ರಿಂದ 4 ಇರುತ್ತದೆ.

ಇದರ ಲೆಕ್ಕ ಅಜ್ಜಿಗೆ ಹೀಗೆ ಹೇಳಿದೆ. ಒಂದು ಹೇಂಟೆ ದಿನಕ್ಕೆ ಸುಮಾರು 110 ಗ್ರಾಂ ಕಾಳು ತಿನ್ನುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಲೇಯರ್ ಫೀಡ್ ತಿಂದರೆ ದಿನಕ್ಕೆ 4 ಗ್ರಾಂ ಹತ್ತಿರ ಸಿಗುತ್ತದೆ, ಅದರಲ್ಲಿ ಅರ್ಧದಷ್ಟು ಮೈಗೆ ಹತ್ತುತ್ತದೆ, ಲೆಕ್ಕ ಸರಿಹೋಗುತ್ತದೆ. ಇಲ್ಲಿ ಅರ್ಧ ಫಿನಿಶರ್, ಅರ್ಧ ಅನ್ನ ನುಚ್ಚು. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ಒಟ್ಟು 1 ಗ್ರಾಮೂ ಸಿಗುತ್ತಿರಲಿಲ್ಲ. ಉಳಿದದ್ದನ್ನು ಕೋಳಿ ತನ್ನ ಎಲುಬಿನಿಂದ ತೆಗೆದು ಕೊಡುತ್ತದೆ. ಎಷ್ಟು ದಿನ ಕೊಟ್ಟೀತು? ಮೊದಲು ಚಿಪ್ಪು ತೆಳ್ಳಗಾಗುತ್ತದೆ. ಹಾಗೇ ಬಿಟ್ಟರೆ ಕಾಲಿನ ಬಲ ಹೋಗುತ್ತದೆ. ಆಗಾಗ ಇಡುವ ಜವಾರಿ ಕೋಳಿ ಹಿತ್ತಲು ಕೆದರಿಕೊಂಡು ಹೇಗೋ ನಿಭಾಯಿಸುತ್ತದೆ. ದಿನ ಬಿಟ್ಟು ದಿನ ಇಡುವ ಗ್ರಾಮಪ್ರಿಯಕ್ಕೆ ಅದು ಸಾಧ್ಯವೇ ಇಲ್ಲ. ತನ್ನ ಮೊಟ್ಟೆಯ ಚಿಪ್ಪು ತಿನ್ನುವ ಕೋಳಿಯನ್ನು ಕೆಟ್ಟ ಕೋಳಿ ಅಂತ ನನಗೆ ಕರೆಯಲು ಮನಸ್ಸು ಬರುವುದಿಲ್ಲ. ಅದರ ಹೊಟ್ಟೆ ಕೇಳಿದ್ದನ್ನು ನಾವು ಕೊಡಲಿಲ್ಲ, ಅದು ಸಿಕ್ಕ ಕಡೆ ತಗೊಂಡಿತು.

ಇದರ ಮೇಲೆ ಸೆಕೆ. ಏಪ್ರಿಲ್, ಮೇ ತಿಂಗಳ ಗೋವಾ ಗೊತ್ತಲ್ಲ, ಬಿಸಿಲಿಗಿಂತ ಆವಿ ಜಾಸ್ತಿ. ಕೋಳಿಗೆ ಬೆವರುವುದಕ್ಕೆ ಆಗುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಹಾಗೆ ಏದುವಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆ ಬೀಳುತ್ತದೆ. ಸೆಕೆಗೆ ಕಾಳು ತಿನ್ನುವುದೂ ಕಡಿಮೆ. ಎರಡೂ ಸೇರಿ ಚಿಪ್ಪು ಇನ್ನೂ ತೆಳು. ನೀರಿಗೆ ಒಂದೇ ಪ್ಲಾಸ್ಟಿಕ್ ಬೋಗುಣಿ, ಅದೂ ಮಧ್ಯಾಹ್ನ ಬಿಸಿಲಿಗೆ ಬೀಳುವ ಜಾಗದಲ್ಲಿ. ಬೆರಳು ಅದ್ದಿದರೆ ಸ್ನಾನದ ನೀರಿನಷ್ಟು ಬಿಸಿ. ಬಾಯಾರಿದ ಕೋಳಿಗೆ ಒಡೆದ ಮೊಟ್ಟೆಯ ತೇವವೂ ಆಸರೆಯೇ.

ಇನ್ನು ಮೊಟ್ಟೆ ಇಡುವ ಗೂಡು. ಹಣ್ಣಿನ ಎರಡು ಪ್ಲಾಸ್ಟಿಕ್ ಕ್ರೇಟು ಸಿಮೆಂಟ್ ನೆಲದ ಮೇಲೆ, ಬಾಗಿಲ ಎದುರಿಗೇ, ಪೂರ್ತಿ ಬೆಳಕಿನಲ್ಲಿ. ಒಂದರಲ್ಲಿ ಜವಾರಿ ಕೋಳಿ ಕಾವಿಗೆ ಕೂತಿತ್ತು, ಏಳುವ ಮಾತೇ ಇಲ್ಲ. ಹಾಗಾಗಿ ಉಳಿದ ಹತ್ತಕ್ಕೆ ಇದ್ದದ್ದು ಒಂದೇ ಕ್ರೇಟು. ನಾಲ್ಕೈದು ಕೋಳಿಗೆ ಒಂದು ಗೂಡು ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಾನು ನೋಡುತ್ತಿದ್ದಂತೆಯೇ ಅದರೊಳಗೆ ಒಂದರ ಮೇಲೊಂದು ಮೂರು ಕೋಳಿ ಹತ್ತಿದವು. ಕೆಳಗೆ ಇದ್ದದ್ದು ನಿಂತುಕೊಂಡೇ ಮೊಟ್ಟೆ ಇಟ್ಟಿತು. ಹುಲ್ಲು ಬೆರಳಿನಷ್ಟೂ ದಪ್ಪ ಇಲ್ಲ. ಮೊಟ್ಟೆ ಬಿದ್ದ ಸದ್ದು ಕೇಳಿಸಿತು, ಬದಿಗೆ ಸೀಳು ಬಂದಿತ್ತು. ಪಕ್ಕದ ಕಂದು ಹೇಂಟೆ ತಲೆ ಓರೆ ಮಾಡಿ ಒಂದು ಕ್ಷಣ ನೋಡಿತು. ಸೀಳಿಗೆ ಸರಿಯಾಗಿ ಒಂದು ಕುಕ್ಕು ಹಾಕಿತು. ಅಷ್ಟರಲ್ಲಿ ಆ ಕಡೆಯಿಂದ ಈ ಕಡೆಯಿಂದ ಓಡಿಬಂದು ಐದಾರು ಕೋಳಿ ಸೇರಿದವು. ಅಜ್ಜಿ ಎದ್ದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಚ್ಚು ಕೋಳಿ ಬೆಳಿಗ್ಗೆ ಏಳರಿಂದ ಹನ್ನೊಂದರೊಳಗೆ ಇಡುತ್ತವೆ. ಸೊಸೆ ಎಂಟಕ್ಕೆ ಹೊರಡುತ್ತಾರೆ, ಅಜ್ಜಿಗೆ ಮೊಣಕಾಲು ನೋವು. ಮೊಟ್ಟೆ ಎತ್ತುತ್ತಿದ್ದದ್ದು ಸಂಜೆ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಫೆಬ್ರವರಿವರೆಗೆ ಕೋಳಿಗಳು ಹಿತ್ತಲಲ್ಲಿ ಓಡಾಡಿಕೊಂಡಿದ್ದವು. ಪಕ್ಕದ ಮನೆಯವರ ಹರಿವೆ ಸೊಪ್ಪಿನ ಮಡಿ ಕೆದರಿದ್ದಕ್ಕೆ ಮಾತು ಬಂತು. ಆಗಿನಿಂದ ದಿನವಿಡೀ ಕೋಳಿಮನೆಯೊಳಗೇ. ಹನ್ನೆರಡು ಹಕ್ಕಿಗೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಅಂದರೆ ತಲೆಗೆ ಎರಡು ಚದರಡಿ. ಕೆದರುವುದಕ್ಕೆ ಮಣ್ಣಿಲ್ಲ, ಕುಕ್ಕುವುದಕ್ಕೆ ಹುಳ ಇಲ್ಲ. ಕಣ್ಣೆದುರು ಇದ್ದದ್ದು ಮೊಟ್ಟೆ ಒಂದೇ.

ರೋಗ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದನ್ನು ಮರೆಯಬಾರದು. ಚಿಪ್ಪು ಇದ್ದಕ್ಕಿದ್ದಂತೆ ಸುಕ್ಕುಗಟ್ಟಿ, ಜೊತೆಗೆ ಸೀನು, ಗೊರಗೊರ ಉಸಿರು, ಹಸಿರು ಹಿಕ್ಕೆ, ಕತ್ತು ತಿರುಚುವುದು ಕಂಡರೆ ಅದು ರಾಣಿಖೇತ್ ಅಥವಾ ಬ್ರಾಂಕೈಟಿಸ್ ಆಗಿರಬಹುದು. ಆಗ ಗೂಡು ಸರಿಮಾಡುತ್ತಾ ಕೂರಬಾರದು, ಸರ್ಕಾರಿ ಪಶು ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಅಂಥದ್ದು ಏನೂ ಇರಲಿಲ್ಲ. ಲಸಿಕೆಯೂ ಆಗಿತ್ತು.

ಅಜ್ಜಿ ತಮಗೆ ತಿಳಿದ ಮದ್ದು ಮಾಡಿ ನೋಡಿದ್ದರು. ಮೊಟ್ಟೆಗೆ ತೂತು ಮಾಡಿ, ಲೋಳೆ ತೆಗೆದು, ಗುಂಟೂರು ಮೆಣಸಿನ ಪುಡಿ ತುಂಬಿ ಇಟ್ಟಿದ್ದರು. "ಅದನ್ನೂ ಕುಟುಕಿ ಖಾಲಿ ಮಾಡ್ಯಾವ, ಕೆಮ್ಮಲಿಲ್ಲ ಸೈತ" ಅಂದರು. ಕೆಮ್ಮುವುದಿಲ್ಲ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಿಳಿಯುವುದಿಲ್ಲ. ನಮಗೆ ಉರಿಯನ್ನು ತಿಳಿಸುವ ನರದ ಭಾಗ ಹಕ್ಕಿಗಳಲ್ಲಿ ಆ ಖಾರಕ್ಕೆ ಸ್ಪಂದಿಸುವುದೇ ಇಲ್ಲ. ಕಾಡಿನಲ್ಲಿ ಮೆಣಸಿನ ಹಣ್ಣು ತಿಂದು ಬೀಜ ಹರಡುವುದು ಹಕ್ಕಿಗಳೇ ಅಲ್ವಾ! ಸಾಸಿವೆಯ ಘಾಟು ಬೇರೆ ಜಾತಿಯದ್ದು, ಕೆಲವರು ಅದನ್ನು ತುಂಬಿ ಇಡುತ್ತಾರೆ. ನಾನು ಅದನ್ನೂ ನೆಚ್ಚಿಕೊಳ್ಳುವುದಿಲ್ಲ. ಚಿಪ್ಪು ತೆಳ್ಳಗಿರುವ ತನಕ ಒಂದು ಮೊಟ್ಟೆಯಲ್ಲಿ ಘಾಟು ಸಿಕ್ಕರೆ ಪಕ್ಕದ ನಾಲ್ಕರಲ್ಲಿ ರುಚಿಯೇ ಸಿಗುತ್ತದೆ.

ಮೊದಲ ಕೆಲಸ ಮೊಟ್ಟೆ ಎತ್ತುವುದು. ಹುಡುಗನಿಗೆ ಮೇ ತಿಂಗಳ ರಜೆ ಶುರುವಾಗಿತ್ತು. ಬೆಳಿಗ್ಗೆ ಗಂಟೆಗೊಮ್ಮೆ ಗೂಡು ನೋಡುವ ಕೆಲಸ ಅವನಿಗೆ. ಅವನು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದ ಅಂದರೆ ಯಾವ ಕೋಳಿ ಎಷ್ಟು ಹೊತ್ತಿಗೆ ಇಡುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಆ ಪಟ್ಟಿ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಕಾವು ಕೂತಿದ್ದ ಜವಾರಿಯನ್ನು ಮೊಟ್ಟೆ ಸಮೇತ ಬಚ್ಚಲ ಪಕ್ಕದ ಕತ್ತಲೆ ಮೂಲೆಯಲ್ಲಿ ಬುಟ್ಟಿಗೆ ವರ್ಗಾಯಿಸಿದೆವು. ರಾತ್ರಿ ಹೊತ್ತು ಎತ್ತಿಟ್ಟರೆ ಗಲಾಟೆ ಮಾಡುವುದಿಲ್ಲ. ನೀರಿಗೆ ಎರಡು ಮಣ್ಣಿನ ಬೋಗುಣಿ, ಹಲಸಿನ ಮರದ ನೆರಳಿಗೆ.

ಆಹಾರಕ್ಕೆ ಲೇಯರ್ ಫೀಡ್ ತರಿಸಿದೆ. ನುಚ್ಚು, ಅನ್ನ ಪೂರ್ತಿ ಬಿಡಿಸಲಿಲ್ಲ, ಸಂಜೆ ಒಂದು ಹಿಡಿಗೆ ಇಳಿಸಿದೆ. ಮೀನಿನ ಕಸದಲ್ಲಿ ಉಪ್ಪು ಮೀನಿನದ್ದು ಮಾತ್ರ ಬೇಡ ಅಂದೆ. ಕ್ಯಾಲ್ಸಿಯಂಗೆ ದುಡ್ಡು ಕೊಡುವ ಅಗತ್ಯವೇ ಬೀಳಲಿಲ್ಲ. ಗೋವಾದಲ್ಲಿ ಅದಕ್ಕೆ ಬರವೇ? ನದಿ ಸಮುದ್ರ ಸೇರುವ ಕಡೆ ಇಳಿತದ ಹೊತ್ತಿಗೆ ಕೆಸರಲ್ಲಿ ತಿಸ್ರ್ಯೊ, ಅಂದರೆ ಚಿಪ್ಪುಮೀನು, ಆಯುತ್ತಾರೆ, ಮನೆಮನೆಯಲ್ಲಿ ಬೇಯಿಸುತ್ತಾರೆ, ಚಿಪ್ಪು ಗಿಡದ ಬುಡಕ್ಕೆ ಎಸೆಯುತ್ತಾರೆ. ಹಿಂದೆ ಇದೇ ಚಿಪ್ಪು ಸುಟ್ಟು ಮನೆ ಕಟ್ಟುವ ಸುಣ್ಣ ಮಾಡುತ್ತಿದ್ದರು. ಹರಿವೆ ಮಡಿಯ ವಿಷಯಕ್ಕೆ ಮುನಿಸಿಕೊಂಡಿದ್ದ ಪಕ್ಕದ ಮನೆಯವರೇ ಒಂದು ಬಕೆಟ್ ಚಿಪ್ಪು ಕೊಟ್ಟರು. ತೊಳೆದು, ಎರಡು ಬಿಸಿಲು ಒಣಗಿಸಿ, ಒರಳಲ್ಲಿ ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿದೆವು. ಪುಡಿ ಮಾಡಬಾರದು. ಕಾರಣ ಇದೆ. ಮೊಟ್ಟೆಗೆ ಚಿಪ್ಪು ಕಟ್ಟುವುದಕ್ಕೆ ಸುಮಾರು ಇಪ್ಪತ್ತು ಗಂಟೆ ಹಿಡಿಯುತ್ತದೆ, ಅದರ ಬಹುಪಾಲು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಲ್ಲಿ. ಪುಡಿ ಬೇಗ ಕರಗಿ ಹೋಗುತ್ತದೆ. ಚೂರು ಕಾಳು ಅರೆಯುವ ಕಲ್ಲೊಟ್ಟೆಯಲ್ಲಿ ಉಳಿದು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಅದಕ್ಕೇ ಸಂಜೆ ಕೊಡುವುದು. ಕಾಳಿಗೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡಬೇಕು. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ, ಹುಂಜ ಮುಟ್ಟುವುದು ಕಡಿಮೆ. ಮೊದಲ ಸಂಜೆ ಬಟ್ಟಲಿಗೆ ಅವು ಮುಗಿಬಿದ್ದದ್ದು ನೋಡಿ ಅಜ್ಜಿ ಮಾತಾಡಲಿಲ್ಲ.

ಆಮೇಲೆ ಅವರೇ ಕೇಳಿದರು, "ಎಲೆಗೆ ಹಚ್ಚೋ ಸುಣ್ಣ ನೀರಿಗೆ ಕಲಸಿ ಕೊಟ್ರ ಆಗೂದಿಲ್ಲೇನು?" ಬೇಡ ಅಂದೆ. ಅದು ಸುಡುವ ಸುಣ್ಣ, ಬಾಯಿ ಗಂಟಲು ಕೆಡಿಸುತ್ತದೆ, ನೀರು ಕುಡಿಯುವುದನ್ನೇ ಬಿಡುತ್ತವೆ. ಅಡುಗೆಮನೆಯ ಮೊಟ್ಟೆ ಚಿಪ್ಪು ಕೊಡಬಹುದು. ಆದರೆ ಒಣಗಿಸಿ, ಹುರಿದು, ಮೊಟ್ಟೆಯ ಗುರುತೇ ಸಿಗದಂತೆ ಪುಡಿ ಮಾಡಿ. ಅರ್ಧ ಚಿಪ್ಪನ್ನು ಹಾಗೇ ಎಸೆದರೆ ನಾವೇ ಪಾಠ ಹೇಳಿಕೊಟ್ಟ ಹಾಗೆ.

ಗೂಡಿನ ಕೆಲಸ ಯಜಮಾನರದು. ಸೆಂಟ್ರಿಂಗ್ ಪ್ಲೈವುಡ್ಡಿನ ತುಂಡುಗಳು ಮನೆಯಲ್ಲೇ ಇದ್ದವು. ಅಂಟಿದ ಸಿಮೆಂಟು, ಎಣ್ಣೆ ಕೆರೆದು ತೊಳೆದು ಒಣಗಿಸಿದರು. ಒಂದು ಅಡಿ ಅಗಲ, ಒಂದೂಕಾಲು ಅಡಿ ಆಳದ ಮೂರು ಖಾನೆ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಗೋಡೆಯ ಕತ್ತಲೆ ಬದಿಗೆ. ಬಾಗಿಲಿಗೆ ಗೋಣಿ ಚೀಲದ ಪರದೆ. ಮುಖ್ಯ ವಿಷಯ ತಳ. ತಳ ಹಿಂದಕ್ಕೆ ಇಳಿಜಾರು, ಅಡಿಗೆ ಒಂದು ಇಂಚಿನ ಲೆಕ್ಕ. ಹಿಂದಿನ ಹಲಗೆಯ ಕೆಳಗೆ ಎರಡೂವರೆ ಇಂಚಿನ ಸಂದು, ಅದರ ಆಚೆ ಮುಚ್ಚಳ ಇರುವ ತಟ್ಟೆ. ಸಂದಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಇಳಿಬಿಟ್ಟರೆ ಮೊಟ್ಟೆ ಹೋಗುತ್ತದೆ, ಕೋಳಿಯ ತಲೆ ಹೋಗುವುದಿಲ್ಲ. ತಳಕ್ಕೆ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟು, ತಟ್ಟೆಗೆ ಫೋಮ್. ಕೋಳಿ ಇಟ್ಟು ಎದ್ದ ಕೂಡಲೇ ಮೊಟ್ಟೆ ಉರುಳಿ ಕಣ್ಮರೆ.

ಬೇಯಿಸಿದ ಮೊಟ್ಟೆ ಇಟ್ಟು ಪರೀಕ್ಷೆ ಮಾಡಿದೆವು. ಮೊದಲು ಮ್ಯಾಟಿನ ಹುಲ್ಲಿಗೆ ಸಿಕ್ಕಿ ನಡುವೆಯೇ ನಿಂತಿತು. ಯಜಮಾನರು ಮುಂದಿನ ಕಾಲಿಗೆ ಒಂದು ಚಪ್ಪಟೆ ತುಂಡು ಕೊಟ್ಟು ಎತ್ತರಿಸಿದರು. ಆಗ ಜೋರಾಗಿ ಉರುಳಿ ತಟ್ಟೆಗೆ ಬಡಿಯಿತು. ಇನ್ನೊಂದು ಪದರ ಫೋಮ್ ಹಾಕಿದ ಮೇಲೆ ಸರಿಹೋಯಿತು. ಇಳಿಜಾರು ತುಂಬಾ ಜಾಸ್ತಿಯಾದರೆ ಕೋಳಿ ಒಳಗೆ ಕೂರುವುದೇ ಇಲ್ಲ, ಅದನ್ನು ನೆನಪಿಡಬೇಕು. ಹೊಸ ಗೂಡಿನ ಪರಿಚಯ ಆಗಲಿ ಅಂತ ಪ್ರತಿ ಖಾನೆಗೆ ಮೊಟ್ಟೆ ಆಕಾರದ ಒಂದು ಬೆಣಚುಕಲ್ಲು ಅಂಟಿಸಿದೆವು. ಕಂದು ಹೇಂಟೆ ಬಂದು ಅದನ್ನು ಟಕಟಕ ಕುಕ್ಕಿತು, ಏನೂ ಆಗಲಿಲ್ಲ, ಹೋಯಿತು. ಮರುದಿನ ಇನ್ನೂ ಸ್ವಲ್ಪ ಕುಕ್ಕಿತು. ಆಮೇಲೆ ಬಿಟ್ಟಿತು.

ಓಡಾಡುವ ಜಾಗಕ್ಕೆ ಹಳೇ ಮೀನಿನ ಬಲೆ. ಹಿತ್ತಲ ಒಂದು ಬದಿಗೆ ಗೂಟ ನೆಟ್ಟು ಬಲೆ ಕಟ್ಟಿದರು. ಪಕ್ಕದ ಮನೆಯ ಮಡಿಯೂ ಉಳಿಯಿತು, ಕೋಳಿಗೆ ಮಣ್ಣೂ ಸಿಕ್ಕಿತು. ನುಗ್ಗೆ ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟುಕುವ ಎತ್ತರಕ್ಕೆ ತೂಗುಹಾಕಿದರೆ ಕುಕ್ಕುವ ಚಪಲ ಅಲ್ಲೇ ತೀರುತ್ತದೆ.

ಮೊಟ್ಟೆ ಒಡೆಯುವುದು ಮೂರು ನಾಲ್ಕು ದಿನದಲ್ಲೇ ಬಹುಪಾಲು ನಿಂತಿತು. ಅದು ಇಳಿಜಾರಿನ ಫಲ. ಚಿಪ್ಪು ಗಟ್ಟಿಯಾಗಲು ಇನ್ನೂ ಒಂದು ವಾರದ ಮೇಲೆ ಹಿಡಿಯಿತು. ಮೇ ಮುಗಿಯುವ ಹೊತ್ತಿಗೆ ದಿನಕ್ಕೆ ಐದು, ಕೆಲವು ದಿನ ಆರು. ಒಂದು ಜವಾರಿ ಹೊಸ ಗೂಡಿಗೆ ಹೋಗಲೇ ಇಲ್ಲ, ಸೌದೆ ರಾಶಿಯ ಹಿಂದೆ ಇಡುತ್ತಿತ್ತು. ಬೆಳಿಗ್ಗೆ ಹನ್ನೊಂದರ ತನಕ ಕೋಳಿಮನೆಯ ಬಾಗಿಲು ತೆಗೆಯಬೇಡಿ ಅಂದ ಮೇಲೆ ಅದೂ ದಾರಿಗೆ ಬಂತು.

ಕೊಕ್ಕಿಗೆ ಹಳದಿ ಒಣಗಿ ಅಂಟಿದ್ದ ಮೂರು ಕೋಳಿಗಳನ್ನು ಹುಡುಗ ಗುರುತು ಮಾಡಿಟ್ಟಿದ್ದ. ಎರಡು ತಾವಾಗಿ ಬಿಟ್ಟವು. ಮೂರನೆಯದು ಎಲ್ಲಕ್ಕಿಂತ ಹಳೆಯ ಗ್ರಾಮಪ್ರಿಯ. ಅದು ಇಟ್ಟ ಕೂಡಲೇ ತಿರುಗಿ, ಉರುಳುವ ಮೊದಲೇ ಕುಕ್ಕುತ್ತಿತ್ತು. ವಯಸ್ಸಾದ ಕೋಳಿಯ ಮೊಟ್ಟೆ ದೊಡ್ಡದು, ಚಿಪ್ಪು ತೆಳು, ಹಾಗಾಗಿ ಅದಕ್ಕೆ ಒಡೆಯುವುದೂ ಸುಲಭ. ತಂತಿ ತಳದ ಬೇರೆ ಪಂಜರದಲ್ಲಿ ಇಟ್ಟು ನೋಡಿದರು, ಬಿಡಲಿಲ್ಲ. ಕೊಕ್ಕು ಕತ್ತರಿಸಿ ಅಂತ ಯಾರೋ ಹೇಳಿದ್ದರಂತೆ. ಹಿತ್ತಲ ಕೋಳಿಗೆ ಅದು ಬೇಡವೇ ಬೇಡ, ನೋವು ಕೊಟ್ಟು ಕೆದರುವ ಬದುಕನ್ನೇ ಕಿತ್ತುಕೊಂಡ ಹಾಗೆ ಅಂದೆ. ಕೊನೆಗೆ ಆ ಒಂದನ್ನು ಅಡುಗೆಗೆ ಕೊಟ್ಟರು. ಉಳಿದೆಲ್ಲ ಸರಿಮಾಡಿದ ಮೇಲೂ ನಿಲ್ಲದ ಕೋಳಿಗೆ ಬೇರೆ ದಾರಿ ನನಗೂ ಗೊತ್ತಿಲ್ಲ. ಈ ಸಲ ಮರುದಿನದಿಂದ ಒಡೆದ ಮೊಟ್ಟೆ ಸಿಗಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಗೋವಾದ ಮಳೆಗೆ ಕಾಳಿನ ಚೀಲ ನೆಲಕ್ಕೆ ತಾಗಿದ್ದರೆ ಬೂಸು ಹಿಡಿಯುತ್ತದೆ. ಬೂಸಿನ ವಿಷ ಈಲಿ ಕೆಡಿಸುತ್ತದೆ, ಮತ್ತೆ ಚಿಪ್ಪು ತೆಳ್ಳಗಾಗುತ್ತದೆ. ಚೀಲವನ್ನು ಹಲಗೆ ಮೇಲೆ, ಗೋಡೆಯಿಂದ ಗೇಣು ದೂರ ಇಡಲು ಹೇಳಿದೆ. ತಿಸ್ರ್ಯೊ ಚಿಪ್ಪು ಮಳೆಗೆ ಮೊದಲೇ ಎರಡು ಡಬ್ಬ ಕುಟ್ಟಿಟ್ಟಿದ್ದರು. ಈಗ ಹೊಸದಾಗಿ ಆರು ಗ್ರಾಮಪ್ರಿಯ ಮರಿ ತಂದಿದ್ದಾರೆ. ಅವಕ್ಕೆ ಈಗಲೇ ಲೇಯರ್ ಫೀಡ್ ಬೇಡ, ಅಷ್ಟು ಕ್ಯಾಲ್ಸಿಯಂ ಎಳೆ ಮರಿಯ ಮೂತ್ರಪಿಂಡಕ್ಕೆ ಕೆಟ್ಟದು. ಹದಿನೆಂಟು ವಾರ ಆಗುವ ಹೊತ್ತಿಗೆ ಬದಲಾಯಿಸಬೇಕು, ಮೊದಲ ಮೊಟ್ಟೆ ಬೀಳುವ ಮುಂಚೆ ನಾಲ್ಕನೇ ಖಾನೆ ಸಿದ್ಧ ಇರಬೇಕು. ಯಜಮಾನರು ಪ್ಲೈವುಡ್ ತುಂಡು ತೆಗೆದಿಟ್ಟಿದ್ದಾರೆ.